ಹೊರಗಿನವರಿಗೂ ಬಡಿಸಿದ ಅಪ್‌ಡೇಟ್

ಗೆಳೆಯ ಯಾಕೂಬಸಾಬ ತೀರಿಕೊಂಡ ಮೇಲೆ ಅವನ ಬಗ್ಗೆ ನಾಲ್ಕು ಮಾತು ಬರೆಯಲು ಕೂತಾಗಲೆಲ್ಲ ಮೊದಲು ನಗು ಬರುತ್ತದೆ, ಆಮೇಲೆ ಉಳಿದದ್ದು. ಆ ಉಳಿದದ್ದನ್ನು ಬರೆಯಲು ನನಗೆ ಬರುವುದಿಲ್ಲ. ನಗುವಿನ ಸಂಗತಿಯನ್ನೇ ಹೇಳುತ್ತೇನೆ.

ಎರಡು ಸಾವಿರದ ಏಳನೆಯ ಇಸವಿ. ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾವಿಬ್ಬರೂ ಕೂಡಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆವು. ಕಂಪ್ಯೂಟರು ನಾಲ್ಕು, ಎಲ್ಲಕ್ಕೂ ಸೇರಿ ಬ್ರಾಡ್‌ಬ್ಯಾಂಡ್ ಲೈನು ಒಂದು. (ಬ್ರಾಡ್ ಎನ್ನುವುದು ಹೆಸರಿಗೆ ಮಾತ್ರ, ದಾರದಷ್ಟು ಸಣ್ಣದು.) ವೈರಸ್ ತಡೆಯುವ ತಂತ್ರಾಂಶಕ್ಕೆ ಅಪ್‌ಡೇಟ್ ಬಂದ ದಿನ ನಾಲ್ಕೂ ಒಮ್ಮೆಲೇ ಅದನ್ನೇ ಎಳೆಯಲು ಕೂತವೆಂದರೆ ಪಾಠ ಬಂದ್. ನನ್ನ ಮೇಧಾವಿ ತಲೆಗೆ ಒಂದು ಉಪಾಯ ಹೊಳೆಯಿತು: ಅಪ್‌ಡೇಟನ್ನು ಒಂದೇ ಯಂತ್ರ ಇಳಿಸಿಕೊಳ್ಳಲಿ, ಉಳಿದವು ಅದರಿಂದ ಹಂಚಿಕೊಳ್ಳಲಿ. ಅದಕ್ಕೆಂದೇ ಇರುವ ತಂತ್ರಾಂಶವನ್ನು ವಿಜಾಪುರದಿಂದ ಸಿಡಿಯಲ್ಲಿ ತಂದೆ.

ಹಾಕುವಾಗ ಅದು ಕೇಳಿತು: ಮನೆಯ ಯಂತ್ರಗಳಿಗಷ್ಟೇ ಕೊಡಲೇ, ಇಂಟರ್ನೆಟ್ಟಿನಲ್ಲಿ ಹೊರಗಿನಿಂದ ಕೇಳಿದವರಿಗೂ ಕೊಡಲೇ? ಕೇಳಿದವರಿಗೆ ಇಲ್ಲ ಅನ್ನುವುದನ್ನು ನಮ್ಮ ಕಡೆ ಯಾರೂ ಕಲಿಸಿಲ್ಲ. ಹೊರಗಿನವರಿಗೂ ಎಂದು ಒತ್ತಿದೆ. ಹೊರಗೆ ಕಳಿಸಲು ಮಿತಿ ಎಷ್ಟು ಎಂದು ಕೇಳಿದಾಗ ಮಾತ್ರ ಕೈ ತಡೆಯಿತು.

“ಬಡಸೂಮುಂದ ಯಾರರ ಅಳತಿ ಹಿಡೀತಾರೇನಲೇ, ಶಿರಸೈಲ್ಯಾ? ಖಾಲಿ ಬಿಡು,” ಎಂದ ಯಾಕೂಬ.

ಖಾಲಿ ಬಿಟ್ಟೆ.

ಆ ವಾರವೇ ನನ್ನ ಹೆಂಡತಿ ವಿಜಯಶ್ರೀಯ ಅರ್ಜಿಯ ಕೊನೆಯ ದಿನ ಬಂತು. ಶಿಕ್ಷಕಿಯ ಹುದ್ದೆ, ಆನ್‌ಲೈನ್‌ನಲ್ಲೇ ಹಾಕಬೇಕು, ಸಂಜೆ ಐದಕ್ಕೆ ಮುಚ್ಚುತ್ತದೆ. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಎಲ್ಲ ತುಂಬಿ, ಫೋಟೋ ಕಳಿಸುವ ಗುಂಡಿ ಒತ್ತಿದರೆ ಪರದೆಯ ಮೇಲಿನ ಚಕ್ರ ತಿರುಗಿ ತಿರುಗಿ ಸುಸ್ತಾಗಿ, ಮತ್ತೆ ಪ್ರಯತ್ನಿಸಿ ಎನ್ನುತ್ತಿತ್ತು. ನಾನು ಲೈನನ್ನು ಬೈದೆ, ಬಿಸಿಲನ್ನು ಬೈದೆ, ಕಲಿಯಲು ಬಂದವರನ್ನು ಮನೆಗೆ ಕಳಿಸಿದೆ. ಯಾಕೂಬ ಕ್ರಿಕೆಟ್ ಸ್ಕೋರು ನೋಡುವುದೇ ಕಾರಣವೆಂದು ಅವನನ್ನೂ ಎಬ್ಬಿಸಿದೆ. ಅವನು ಪಾಪ, ಹೊಸ್ತಿಲ ಮೇಲೆ ಹೋಗಿ ಕೂತ.

ವಿಜಯಶ್ರೀ ಮಾತ್ರ ಗೋಡೆಗೆ ಹೊಡೆದಿದ್ದ ಇಂಟರ್ನೆಟ್ ಡಬ್ಬಿಯನ್ನು ನೋಡುತ್ತಿದ್ದಳು.

“ಯಾರೂ ಕುಂತಿಲ್ಲ. ಮತ್ತ ಈ ದೀಪ ಯಾರ ಸಲುವಾಗಿ ಕುಣಿಯಾಕತ್ತೈತ್ರಿ?”

ಹಂಚಿಕೆಯ ತಂತ್ರಾಂಶ ತೆರೆದೆ. ನಮ್ಮ ಪಡಸಾಲೆಯಿಂದ ಅಪ್‌ಡೇಟ್ ಉಣ್ಣುತ್ತಿದ್ದವರ ಪಂಕ್ತಿ ಪರದೆ ದಾಟಿ ಕೆಳಗಿಳಿದಿತ್ತು. ಬ್ರೆಜಿಲ್, ಪೋಲಂಡ್, ಮತ್ತೆ ನಾನು ಹೆಸರೇ ಕೇಳಿರದ ದೇಶಗಳು. ಹೊರಗೆ ಹೋಗುವ ದಾರಿಯನ್ನೆಲ್ಲ ಅವರ ಬಡಿಸುವಿಕೆಯೇ ತುಂಬಿದ್ದರಿಂದ ವಿಜಯಶ್ರೀಯ ಸಣ್ಣ ಫೋಟೋ ನುಸುಳಲು ಸಂದಿ ಇರಲಿಲ್ಲ.

ನಿಲ್ಲಿಸಲು ಹೋದರೆ ಯಾಕೂಬ ಎದ್ದು ಬಂದು ಕೈ ಹಿಡಿದ. ಪೋಲಂಡಿನವನೊಬ್ಬ ಮುಕ್ಕಾಲು ಮುಗಿಸಿದ್ದನಂತೆ.

“ಅರ್ಧ ಊಟದಾಗ ಎಬ್ಬಸಬಾರ್ದಪಾ.”

ಅವನೇನು ನಿನ್ನ ಬೀಗನೇ ಎಂದು ನಾನು, ಉಣ್ಣಲು ಕೂತವರೆಲ್ಲ ಬೀಗರೇ ಎಂದು ಅವನು. ಈ ಶಾಸ್ತ್ರಾರ್ಥದಲ್ಲಿ ಗಡಿಯಾರ ಐದರ ಹತ್ತಿರ ಬಂದಿತ್ತು. ವಿಜಯಶ್ರೀ ನಮ್ಮ ನಡುವೆ ಕೈ ತೂರಿಸಿ ಹಂಚಿಕೆ ತಡೆದಳು, ಫೋಟೋ ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಜಿ ಸ್ವೀಕೃತವಾಯಿತು. ಯಾಕೂಬ ಅಲ್ಲೇ ಕುಣಿದ. (ಕೆಲಸವೂ ಸಿಕ್ಕಿತು. ಈಗ ಸಾಲೋಟಗಿಯ ಶಾಲೆಯ ಮಕ್ಕಳು ಅವಳಿಗೆ ಹೆದರುತ್ತಾರೆ, ಹೆದರುವುದಕ್ಕೆ ನನಗೆ ಜೊತೆಗಾರರಾದರು.)

ನಾನು ಆ ತಂತ್ರಾಂಶವನ್ನೇ ಅಳಿಸಿಹಾಕಲು ಹೊರಟೆ. ಅವಳು ಬಿಡಲಿಲ್ಲ.

“ಕರದು ಕುಂದ್ರಿಸಿದವರು ನೀವು. ಅವರ ಹೊಟ್ಟಿ ತುಂಬೂತನಾ ಇಬ್ರೂ ಇಲ್ಲೇ ಕುಂದರ್ರಿ.”

ಹೊರಹೋಗುವುದಕ್ಕೆ ಬಿಗಿಯಾದ ಮಿತಿ ಹಾಕಿ, ಹಂಚಿಕೆ ಮತ್ತೆ ಶುರು ಮಾಡಿ, ಸುದ್ದಿ ಹೇಳಲು ಯಾಕೂಬನ ಹೆಂಡತಿ ಶಮ್ಶುನ್ನೀಸಾಳ ಮನೆಗೆ ಹೊರಟುಹೋದಳು. ಅವರಿಬ್ಬರೂ ಅಲ್ಲೇ ಹೊಟ್ಟೆತುಂಬ ಉಂಡರೆಂದು ಆಮೇಲೆ ತಿಳಿಯಿತು.

ಇತ್ತ ಪೋಲಂಡಿನವನು ಒಂದೊಂದೇ ಅಗುಳು ಎಣಿಸಿ ಉಣ್ಣತೊಡಗಿದ. ನಮ್ಮ ಒಲೆ ತಣ್ಣಗಿತ್ತು. ಯಾಕೂಬ ರೊಟ್ಟಿಯ ಬುಟ್ಟಿಯ ತನಕ ಹೋಗಿ ಅದರ ತಳ ನೋಡಿ ಬಂದ. ಜಗತ್ತಿಗೆ ಬಡಿಸುವ ಅನ್ನದಾತರಿಬ್ಬರ ಹೊಟ್ಟೆ ತಾಳ ಹಾಕುತ್ತಿತ್ತು. ಅಂತೂ ಪೋಲಂಡು ಎದ್ದಿತು, ಬ್ರೆಜಿಲ್ ಎದ್ದಿತು, ಪಂಕ್ತಿಯೆಲ್ಲ ಖಾಲಿಯಾಯಿತು. ಮುಚ್ಚಲು ಕೈ ಚಾಚಿದೆ.

“ತಡಿ,” ಎಂದ ಯಾಕೂಬ. “ಇನ್ನೊಬ್ಬ ಬಂದಾನ.”

ಪರದೆಯ ಮೇಲೆ ಹೊಸ ಹೆಸರೊಂದು ಮೂಡಿತ್ತು. ಅವನ ಊಟ ಇನ್ನೂ ಸೊನ್ನೆ. ನಾನು ಯಾಕೂಬನ ಮುಖ ನೋಡಿದೆ.

“ಕುಂದ್ರಸಪಾ,” ಎಂದೆ.