ನೋಡುವುದಲ್ಲ, ನೋಡಿಕೊಳ್ಳುವುದು

ಬೆಳಂಬಾರದ ಗುಡ್ಡವು ಸಾರ್ವಜನಿಕ ಹಿತದೃಷ್ಟಿಯಿಂದ ಸರ್ಕಾರದ ನಿಗಾದಲ್ಲಿದೆ. ಹೋದ ಮಳೆಗಾಲ ಅದು ಜರಿದು ರಸ್ತೆ ಮುಚ್ಚಿದ ಮೇಲೆ, ಅದರ ಮೇಲೆ ಕಣ್ಣಿಡಲು ಕಂಬ ನೆಟ್ಟು ಕ್ಯಾಮೆರಾ ಕೂರಿಸಲಾಯಿತು. ಗುಡ್ಡ ಮತ್ತೆ ಜರಿಯಲಿಲ್ಲ. ಸುಮ್ಮನೆ ನಿಂತಿರುವ ಗುಡ್ಡವನ್ನು ನೋಡುತ್ತ ಕೂರುವುದು ದುಂದುವೆಚ್ಚವೆಂದು ಕ್ಯಾಮೆರಾಗಳನ್ನು ಓಡಾಡುವ ಜನರ ಕಡೆಗೆ ತಿರುಗಿಸಿದರು. ಆಮೇಲೆ ಕಂಬಗಳು ಜಿಲ್ಲೆಯಿಡೀ ಹಬ್ಬಿದವು. ವಿಪತ್ತು ಮುಗಿಯುವವರೆಗೆ ಮಾತ್ರ ಎಂದು ಆದೇಶದಲ್ಲಿತ್ತು. ಮುಗಿಯಿತೆಂದು ಹೇಳಬೇಕಾದವರು ಯಾರೆಂಬುದು ಇರಲಿಲ್ಲ.

ಗುಡ್ಡದ ಬುಡದ ಗಂಗಿ ಸರ್ಪಸುತ್ತಿಗೆ ಮದ್ದು ಕೊಡುವವಳು. ಅತ್ತೆಯಿಂದ ಬಂದ ವಿದ್ಯೆ, ಕಟ್ಟಳೆ ಒಂದೇ: ಸೊಪ್ಪು ಕೀಳುವಾಗ ಯಾರ ಕಣ್ಣೂ ಬೀಳಬಾರದು. ಬಿದ್ದರೆ ಮದ್ದಿನ ಗುಣ ಹೋಯಿತು. ಕಂಬ ಬಂದಂದಿನಿಂದ ಗಂಗಿ ಗುಡ್ಡದ ಸೊಪ್ಪು ಕಿತ್ತಿಲ್ಲ. ಈಗ ನೆರೆಮನೆಯ ಅಕ್ಕಮ್ಮನ ಸೊಂಟಕ್ಕೆ ಗುಳ್ಳೆ ಎದ್ದು, ಉರಿ ತಾಳಲಾರದೆ ಆಕೆ ಹೊರಳಾಡುತ್ತಿದ್ದಳು. ವಿದ್ಯೆಯಿದ್ದೂ ಕೈಕಟ್ಟಿ ಕೂತೆನಲ್ಲ ಎಂದುಕೊಂಡ ಗಂಗಿ ಬೆಳಗಾಗುತ್ತಲೇ ಕಾರವಾರದ ಬಸ್ಸು ಹತ್ತಿದಳು.

ಅಲ್ಲಿಯ ಹಬ್ಬುವಾಡದಲ್ಲಿ ಖಾಸಗಿತನ ಸಂರಕ್ಷಣಾ ಘಟಕವಿದೆ. ಅದರ ಅಧಿಕಾರಿ ಗಜಾನನ ಹೆಗಡೆಯವರು ಸಜ್ಜನರು.

"ಸಾಹೇಬ್ರೆ, ನಿಮ್ಮ ಕಂಬ ನನ್ನ ನೋಡ್ತದೆ."

"ನೋಡುವುದಿಲ್ಲಮ್ಮಾ. ನಮ್ಮ ನಿಯಮದಲ್ಲಿ ನೋಡುವುದು ಎಂಬ ಶಬ್ದವೇ ಇಲ್ಲ. ನಾವು ನೋಡಿಕೊಳ್ತೇವೆ."

"ನನ್ನ ನೋಡ್ಕಣೂಕೆ ಮಗ, ಸೊಸೆ ಅವ್ರೆ. ನಾ ಸೊಪ್ಪು ಕೀಳೂಕೆ ಹೋದಾಗ ಯಾರೂ ನೋಡೂಕಾಗ."

"ಖಾಸಗಿತನ ನಿಮ್ಮ ಹಕ್ಕು. ಯಾವ ಗಿಡ, ಎಲ್ಲಿದೆ, ಯಾವಾಗ ಕೀಳ್ತೀರಿ, ಹೇಳಿಬಿಡಿ. ಅದೊಂದನ್ನು ಬಿಟ್ಟು ಉಳಿದದ್ದನ್ನು ನೋಡಿಕೊಳ್ತೇವೆ."

"ಅದ ಹೇಳೂದಾಗಿದ್ರೆ ಇಲ್ಲೀ ತನ್ಕ ಎಂತಕೆ ಬರ್ತಿದ್ದೆ?"

"ಗೊತ್ತಿಲ್ಲದ ಗುಟ್ಟನ್ನು ಕಾಪಾಡಲು ನಿಯಮದಲ್ಲಿ ಅವಕಾಶವಿಲ್ಲಮ್ಮಾ," ಎಂದರು ಹೆಗಡೆಯವರು, ನಿಜಕ್ಕೂ ನೊಂದುಕೊಂಡು.

ಗಂಗಿ ಹೊತ್ತು ಮಾತ್ರ ಹೇಳಿದಳು. ಸಂಜೆಯೇ ಊರಿನಲ್ಲಿ ಮೈಕು ಕಟ್ಟಿದ ರಿಕ್ಷಾ ತಿರುಗಿತು: "ನಾಳೆ ಬೆಳಿಗ್ಗೆ ಗಂಗಿಯವರು ಗುಡ್ಡದಲ್ಲಿ ಯಾರಿಗೂ ತಿಳಿಯದಂತೆ ಸೊಪ್ಪು ಕೀಳಲಿದ್ದಾರೆ. ಸಾರ್ವಜನಿಕರು ನೋಡತಕ್ಕದ್ದಲ್ಲ."

ಯಾರೂ ನೋಡದಂತೆ ನೋಡಿಕೊಳ್ಳಲು ಪೊಲೀಸರು ಬಂದರು. ಪೊಲೀಸರು ನೋಡದಂತೆ ನೋಡಿಕೊಳ್ಳಲು ಹೆಗಡೆಯವರು ಬಂದರು. ಕ್ಯಾಮೆರಾ ಕಣ್ಣು ಮುಚ್ಚಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಮೇಲೆ ಡ್ರೋನ್ ಹಾರಿತು. ಏನನ್ನು ನೋಡಬಾರದೆಂದು ತಿಳಿದುಕೊಳ್ಳಲು ಇಡೀ ಬೆಳಂಬಾರ ನೆರೆದಿತ್ತು. ಗಂಗಿ ಸೆರಗು ಕೊಡವಿ ಬರಿಗೈಲಿ ಇಳಿದು ಬಂದಳು.

ಜಗಳ ಕಾಯಲೆಂದೇ ಮತ್ತೆ ಕಾರವಾರಕ್ಕೆ ಹೋದಳು. ಹೆಗಡೆಯವರು ಊಟಕ್ಕೆ ಹೋಗಿದ್ದರಿಂದ ಕಚೇರಿಯ ಹಿತ್ತಲಲ್ಲಿ ಕೂತಳು. ರೂಢಿಯಂತೆ ತಲೆ ಎತ್ತಿದಳು. ಕಂಬವಿರಲಿಲ್ಲ. ಖಾಸಗಿತನದ ಕಚೇರಿಗೆ ಕ್ಯಾಮೆರಾ ಹಾಕಿದರೆ ನಿಯಮದ ಉಲ್ಲಂಘನೆಯಾಗುತ್ತದೆ. ಗೋಡೆ ಎತ್ತರವಾಗಿತ್ತು. ಬುಡದಲ್ಲಿ, ಸಿಬ್ಬಂದಿ ತಿರುಗಿಯೂ ನೋಡದ ಕಳೆಯ ನಡುವೆ, ಅದೇ ಗಿಡ.

ಅಕ್ಕಮ್ಮ ಗುಣವಾದಳು. ಆದರೆ ಅಕ್ಕಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಜಿಲ್ಲೆಯಲ್ಲಿ ಕಣ್ಣಿಲ್ಲದ ಜಾಗ ಒಂದಿದೆಯೆಂದು ತಿಳಿದದ್ದೇ ತಡ, ಹೆಣ್ಣು-ಗಂಡಿನ ಮಾತುಕತೆಗೆ, ಪಾಲಿನ ಜಗಳಕ್ಕೆ, ಬರೀ ಒಂದು ಘಳಿಗೆ ಅಳುವುದಕ್ಕೆ ಜನ ಹಿತ್ತಲಿಗೆ ಬರತೊಡಗಿದರು. ಅಂಕೋಲೆಯಿಂದ ಬಸ್ಸು ಬಿಟ್ಟರು, ಖಾಸಗಿ ಬಸ್ಸೇ. ಸಾಲು ರಸ್ತೆಗೆ ಬಂದು ನೂಕುನುಗ್ಗಲಾಯಿತು.

ನೂಕುನುಗ್ಗಲು ವಿಪತ್ತಿನ ವ್ಯಾಖ್ಯೆಯಲ್ಲಿ ಬರುತ್ತದೆ. ಹಿತ್ತಲಿಗೆ ಕಂಬ ಬಂತು. ಯಾರೂ ಗಲಾಟೆ ಮಾಡಲಿಲ್ಲ, ಸಾಲು ಈಗ ಶಿಸ್ತಿನಲ್ಲಿ ನಡೆಯುತ್ತದೆಂದು ಹೊಗಳಿದರು. ಹೆಗಡೆಯವರಿಗೆ ಬಡ್ತಿಯಾಯಿತು.

ಮೊನ್ನೆ ಅಕ್ಕಮ್ಮನ ಮಗಳು ಸುಮಿತಾ ಸೊಂಟ ಹಿಡಿದುಕೊಂಡು ಗಂಗಿಯ ಬಾಗಿಲಿಗೆ ಬಂದಳು. ಗುಳ್ಳೆ ಆಗಲೇ ಬೆನ್ನಿಗೆ ಹಬ್ಬಿತ್ತು.

ಗಂಗಿ ಆಕೆಯ ತಲೆ ಸವರಿದಳು. "ಮದ್ದಿಲ್ಲ ಮಗಾ," ಎಂದಳು. "ಈಗ ನಮ್ಮನ್ನೆಲ್ಲ ಸರ್ಕಾರ ಚಲೋ ನೋಡ್ಕಳ್ತದೆ."

ಸುಮಿತಾ ಕಂಬದ ಕಡೆಗೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದಳು.