ಕಾರ್ಯದರ್ಶಿಗಳ ಟೇಪು, ನನ್ನ ಸ್ಟಾಪ್‌ವಾಚು

ನನ್ನ ಕೆಲಸ ಓಟಗಾರರ ದಮ್ಮು ಅಳೆಯುವುದು. ಮೈಸೂರಿನಿಂದ ಚೆನ್ನೈಗೆ ಬಂದು ಒಂದು ಕ್ರೀಡಾ ಹಾಸ್ಟೆಲ್ ಸೇರಿಕೊಂಡೆ. ಟೇಪ್ ರೆಕಾರ್ಡರು ಇನ್ನೂ ಬದುಕಿದ್ದ ಕಾಲ ಅದು. ಓಡುವವರ ದಮ್ಮಿಗಿಂತ ಓಡಿಸುವವರ ದಿಮಾಕೇ ಜಾಸ್ತಿ ಅಂತ ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಆ ದಿಮಾಕು ಕಂಡರೆ ಈಗಲೂ ಮೈಯೆಲ್ಲಾ ಉರಿಯುತ್ತದೆ. ಒಂದೇ ಒಂದು ಸೀಟಿನ ಸುತ್ತ ನಡೆದ ಮೂರು ಪ್ರಸಂಗ ಹೇಳುತ್ತೇನೆ.

ಅರ್ಧ ಕಿಲೋ

ಆ ವರ್ಷ ಹುಡುಗಿಯರಿಗೆ ಉಳಿದಿದ್ದು ಒಂದು ಸೀಟು, ಕೊನೆಗೆ ಉಳಿದ ಹುಡುಗಿಯರು ಇಬ್ಬರು. ಒಬ್ಬಳು ನಮ್ಮ ಹಾಸ್ಟೆಲ್ ಕಾರ್ಯದರ್ಶಿಗಳ ತಂಗಿಯ ಮಗಳು. ಇನ್ನೊಬ್ಬಳು ಕೋಡಂಬಾಕ್ಕಂನ ಉಡುಪಿ ಹೋಟೆಲಿನ ಸಪ್ಲೈಯರ್ ಮಗಳು. ಅಪ್ಪ ಕುಂದಾಪುರದ ಕನ್ನಡದಲ್ಲಿ ಏನು ಕೇಳಿದರೂ ಮಗಳ ಉತ್ತರ ತಮಿಳಿನಲ್ಲಿ.

"ಸೀಟ್ ಸಿಕ್ಕದಿದ್ರೆ ಇವ್ಳನ್ನ ಊರಿಗೆ ಅಜ್ಜಿ ಹತ್ರ ಕಳ್ಸೂದೇ ಮೇಡಂ. ಓಟ ಅಲ್ಲಿಗೆ ಮುಗೀತ್" ಅಂದರು ಅಪ್ಪ.

ನಲವತ್ತು ಕಿಲೋ ತೂಗಬೇಕು ಅಂತ ನಿಯಮ. ಹುಡುಗಿ ಅರ್ಧ ಕಿಲೋ ಕಮ್ಮಿ. ಕಾರ್ಯದರ್ಶಿಗಳ ಮುಖ ಅರಳಿತು. ಅಪ್ಪ, "ಹತ್ ನಿಮ್ಷ ನಿಲ್ಲಿ, ಈಗ ಬತ್ತೆ" ಅಂತ ಮಗಳನ್ನು ಕರೆದುಕೊಂಡು ಹೋಗಿ, ಎಂಟು ಇಡ್ಲಿ ತಿನ್ನಿಸಿ, ಒಂದು ಚೊಂಬು ನೀರು ಕುಡಿಸಿ ತಂದು ನಿಲ್ಲಿಸಿದರು. ಮುಳ್ಳು ನಲವತ್ತು ದಾಟಿತು.

"ಅದು ಇಡ್ಲಿ ತೂಕ!" ಅಂತ ಕಾರ್ಯದರ್ಶಿಗಳು ಕೂಗಾಡಿದರು.

"ಉಪವಾಸ ಇರಬೇಕು ಅಂತ ನಿಯಮದಲ್ಲಿಲ್ಲ ಸಾರ್. ಇಡ್ಲಿ ತಟ್ಟೇಲಿದ್ದಿದ್ರೆ ಕಳೀತಿದ್ದೆ" ಅಂದು ಬರೆದುಕೊಂಡೆ.

ಪಲ್ಲಾವರಂ ಸೆಲ್ಲು

ಮರುದಿನ ಓಟ. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಗೆರೆ. ಟೇಪು 'ಪೀಪ್' ಅನ್ನುವಷ್ಟರಲ್ಲಿ ಎದುರಿನ ಗೆರೆ ಮುಟ್ಟಿ ತಿರುಗಬೇಕು. ಬರಬರುತ್ತಾ ಪೀಪ್ ಬೇಗಬೇಗ ಬರುತ್ತದೆ, ಹಿಂದೆ ಬಿದ್ದವರು ಹೊರಗೆ.

ಕಾರ್ಯದರ್ಶಿಗಳು ತಮ್ಮದೇ ಟೇಪ್ ರೆಕಾರ್ಡರು ತಂದು, ಸೋದರಸೊಸೆಯನ್ನು ಮೊದಲು ಒಬ್ಬಳನ್ನೇ ಓಡಿಸಿದರು. ಅವಳು ಜಡೆ ಸರಿಮಾಡಿಕೊಳ್ಳುತ್ತಾ, ಬೀಗರ ಮನೆಗೆ ಹೊರಟವಳ ಹಾಗೆ ಓಡಿಯೇ ಓಡಿದಳು. ಅನುಮಾನ ಬಂತು. ಟೇಪಿನ ವೇಗ ಸರಿಯಿದೆಯೇ ನೋಡಿಕೊಳ್ಳಲಿ ಅಂತ ಶುರುವಿನಲ್ಲೇ ಸರಿಯಾಗಿ ಒಂದು ನಿಮಿಷದ ಅಂತರದಲ್ಲಿ ಎರಡು ಪೀಪ್ ಇರುತ್ತವೆ. ಟೇಪನ್ನು ಹಿಂದಕ್ಕೆ ಸುತ್ತಿ ಸ್ಟಾಪ್‌ವಾಚ್ ಹಿಡಿದೆ. ಆ ನಿಮಿಷಕ್ಕೆ ಎಪ್ಪತ್ತೆರಡು ಸೆಕೆಂಡು! ಪಲ್ಲಾವರಂ ಸಂತೆಯಲ್ಲಿ ಕೊಂಡ ಸೆಲ್ಲು ಸಾಯುತ್ತಾ, ಟೇಪು ತೆವಳುತ್ತಾ ಇತ್ತು.

"ಇವಳದು ಮುಗೀತಲ್ಲ, ಆ ಹುಡುಗಿಗೆ ಹೊಸ ಸೆಲ್ ಹಾಕು" ಅಂದರು ಕಾರ್ಯದರ್ಶಿಗಳು.

"ಹೊಸ ಸೆಲ್ಲಿಗೆ ಇಬ್ಬರೂ ಓಡಬೇಕು ಸಾರ್."

"ಎನ್ನಮ್ಮಾ, ನಿನ್ನ ಅಂಬತ್ತೂರಿಗೆ ವರ್ಗ ಮಾಡಿಸಿಬಿಡ್ತೀನಿ!"

"ಮಾಡಿಸಿ ಸಾರ್. ಅಂಬತ್ತೂರಲ್ಲೂ ನಿಮಿಷಕ್ಕೆ ಅರವತ್ತೇ ಸೆಕೆಂಡು."

ಒಂದು ಮಸಾಲೆ!

ಹೊಸ ಸೆಲ್ ಹಾಕಿ ಇಬ್ಬರನ್ನೂ ಒಟ್ಟಿಗೆ ಓಡಿಸಿದೆ. ಸೊಸೆಗೆ ಏದುಸಿರು ಬರುವುದನ್ನು ನೋಡಿದ ಕಾರ್ಯದರ್ಶಿಗಳು ಸೆಲ್ಲು ಕಿತ್ತು ಜೇಬಿಗೆ ಹಾಕಿಕೊಂಡು, "ಟೇಪ್ ಕೆಟ್ಟಿದೆ, ಪರೀಕ್ಷೆ ರದ್ದು!" ಅಂದರು.

ನನಗೆ ತಡೆಯಲಾಗಲಿಲ್ಲ. "ನಿಲ್ಲಬೇಡಿ!" ಅಂತ ಕಿರುಚಿದೆ. "ಆಗುತ್ತೇನೇ?"

"ಮುಡಿಯುಂ ಮೇಡಂ!" ಆಗುತ್ತೆ ಅಂತ ತಮಿಳಿನಲ್ಲೇ ಅಂದಳು ಸಪ್ಲೈಯರ್ ಮಗಳು, ಕಾಲು ನಿಲ್ಲಿಸದೆ.

ಎಷ್ಟು ಸೆಕೆಂಡಿಗೊಂದು ಪೀಪ್ ಅನ್ನುವ ಪಟ್ಟಿ ನನ್ನ ಕೈಯಲ್ಲೇ ಇತ್ತು. ಆದರೆ ಕಿರುಚಿ ಗಂಟಲು ಕಟ್ಟಿಹೋಗಿತ್ತು. ಗೆರೆಯ ಹತ್ತಿರ ನಿಂತಿದ್ದ ಅಪ್ಪನಿಗೆ, "ನಾನು ಕೈ ಇಳಿಸಿದಾಗೆಲ್ಲ ಕೂಗಿ" ಅಂದೆ. ಏನು ಕೂಗಬೇಕು ಅಂತ ಹೇಳುವುದು ಮರೆತೆ.

ಕೈ ಇಳಿಸಿದೆ. "ಒಂದ್ ಮಸಾಲೆ!"

ಮತ್ತೆ ಇಳಿಸಿದೆ. "ಎರಡ್ ವಡೆ!"

ಇಪ್ಪತ್ತು ವರ್ಷ ಅಡಿಗೆಮನೆಗೆ ಕೂಗಿ ಪಳಗಿದ ಗಂಟಲು, ಮೈದಾನವೆಲ್ಲ ಮೊಳಗಿತು. ಉಪ್ಪಿಟ್ಟಿನ ಹೊತ್ತಿಗೆ ಸೊಸೆ ಕುಸಿದು ಕೂತಳು. ಸಪ್ಲೈಯರ್ ಮಗಳು ಪೂರಿ ದಾಟಿ, ಕಾಫಿ ದಾಟಿ, ತಿಂಡಿಪಟ್ಟಿ ಮುಗಿದು ಮತ್ತೆ ಮಸಾಲೆಗೆ ಬಂದರೂ ಓಡುತ್ತಲೇ ಇದ್ದಳು.

"ಇದಕ್ಕೆಲ್ಲ ನಾನು ಸಹಿ ಹಾಕಲ್ಲ!" ಅಂದರು ಕಾರ್ಯದರ್ಶಿಗಳು.

ಫಲಿತಾಂಶದ ಹಾಳೆಯ ಷರಾ ಖಾನೆಯಲ್ಲಿ ಅವರೆದುರಿಗೇ ಬರೆದೆ: 'ಟೇಪಿನ ಸೆಲ್ಲು ಕಾರ್ಯದರ್ಶಿಗಳ ಜೇಬಿನಲ್ಲಿದ್ದ ಕಾರಣ ಸೂಚನೆಯನ್ನು ಬಾಯಿಂದ ಕೊಡಲಾಯಿತು.'

"ಸಹಿ ಇಲ್ಲದಿದ್ರೆ ಮೇಲಿನವರು ಈ ಸಾಲನ್ನ ಎರಡು ಸಲ ಓದ್ತಾರೆ ಸಾರ್" ಅಂದೆ.

ಅವರು ಜೇಬಿನಿಂದ ಸೆಲ್ಲು ತೆಗೆದು ಮೇಜಿನ ಮೇಲಿಟ್ಟು ಸಹಿ ಹಾಕಿದರು. ಸೀಟು ಹುಡುಗಿಗೆ ಸಿಕ್ಕಿತು. ಅಪ್ಪನಿಗೆ ಸಂತೋಷದಲ್ಲಿ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಹೆಗಲ ಮೇಲಿನ ಟವೆಲಿನಿಂದ ಮೇಜು ಒರೆಸಿ, ಕಾರ್ಯದರ್ಶಿಗಳ ಮುಂದೆ ಬಗ್ಗಿ ಕೇಳಿದರು:

"ಸಾರ್, ನಿಮ್ಗೆ ಎಂತ ಕೊಡ್ಲಿ?"