ಗೂಡು ಬಿಡದ ಕುದುರೆಗಳು

ಈ ಕುದುರೆಗಳ ಕಥೆಯನ್ನು ನನಗೆ ಮೊದಲು ಹೇಳಿದವರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದ ನಮ್ಮ ಕಟಿಂಗ್ ಮಾಸ್ತರು. ಮಡಕಶಿರದ ಹಳ್ಳಿ ಬಿಟ್ಟು ನಾನೂ ನನ್ನ ಹೆಂಡತಿಯೂ ಅಲ್ಲಿ ಹೊಲಿಗೆಗೆ ಸೇರಿದ ಹೊಸತು. ಒಂದು ಭಾನುವಾರ ಹಳೆ ಸಾಮಾನಿನ ಸಂತೆಯಲ್ಲಿ ಮಗಳಿಗೆಂದು ಅಂಗೈ ಮೇಲೆ ನಿಲ್ಲುವಂಥ ಪ್ಲಾಸ್ಟಿಕ್ ಕುದುರೆ ಕೊಂಡೆ. ಗುಲಾಬಿ ಮೈ, ನೀಲಿ ಕೂದಲು. ಮಾಸ್ತರು ಅದನ್ನು ತಿರುಗಿಸಿ ಹಿಂಬದಿ ನೋಡಿದರು. ಇವು ಅಮೆರಿಕದಲ್ಲಿ ಹುಟ್ಟಿದ ಜಾತಿ; ಮೊದಮೊದಲಿನವು ಹಾಲು ಕುಡಿದ ಎಮ್ಮೆಗರುವಿನ ಹಾಗೆ ಗುಂಡಗಿದ್ದವು, ಆಮೇಲಿನವು ಸಣಕಲಾದವು, ಈಗಿನವಕ್ಕೆ ಮುಖದ ತುಂಬ ಕಣ್ಣೇ ಎಂದರು. ಒಂದೊಂದರ ತೊಡೆಯ ಮೇಲೆ ಒಂದೊಂದು ಚಿತ್ರ: ಸೇಬು, ನಕ್ಷತ್ರ, ಚಿಟ್ಟೆ, ಕೊಡೆ. ಪ್ಯಾಂಟಿನ ಹಿಂದಿನ ಪಟ್ಟಿ ನೋಡಿ ಕಂಪನಿ ಹೇಳುವ ಹಾಗೆ ಆ ಚಿತ್ರ ನೋಡಿ ಕುದುರೆಯ ಹೆಸರು ಹೇಳಬಹುದಂತೆ. ಆಗ ಆಡಿದ ಮಕ್ಕಳೇ ದೊಡ್ಡವರಾಗಿ ಈಗ ಹುಡುಕಿ ಹುಡುಕಿ ಕೂಡಿಡುತ್ತಾರಂತೆ. ನನಗೂ ಅಂದೇ ಆ ಹುಚ್ಚು ಹಿಡಿಯಿತು. ಕುದುರೆ ಸಾಕಿದವನಿಗೆ ಒಂದಲ್ಲ ಒಂದು ಪ್ರಸಂಗ ತಪ್ಪುವುದಿಲ್ಲ, ಪ್ಲಾಸ್ಟಿಕ್ಕಿನದಾದರೂ ಅಷ್ಟೇ.

ಗೂಡಿನ ಜಗಳ

ಆಮೇಲೆ ಜೀನ್ಸ್ ಹೊಲಿಯಲು ರಾಯದುರ್ಗಕ್ಕೆ ಬಂದೆವು. ಇಲ್ಲಿನ ಮನೆಯ ಗೋಡೆಯಲ್ಲಿ ಅಕ್ಕಪಕ್ಕ ಎರಡು ಗೂಡು. ಒಂದರಲ್ಲಿ ದೇವರು, ಇನ್ನೊಂದರಲ್ಲಿ ಕುದುರೆಗಳು. ಮಗಳು ಮದುವೆಯಾಗಿ ಕಣೇಕಲ್ಲಿಗೆ ಹೋದಾಗ ಕುದುರೆಗಳೂ ಹೋದಾವು ಎಂದುಕೊಂಡಿದ್ದಳು ನನ್ನ ಹೆಂಡತಿ. ಹೋಗಲಿಲ್ಲ, ಹೆಚ್ಚಿದವು. ಗುಜರಿ ಗಾಡಿಯವನು ನನಗೆಂದೇ ತೆಗೆದಿಟ್ಟು ತರುತ್ತಿದ್ದ.

ಉಗಾದಿ ಹೊತ್ತಿಗೆ ಆ ಗೂಡು ಖಾಲಿಯಾಗಬೇಕು, ತನ್ನ ಸ್ಟೀಲು ಡಬ್ಬಿಗಳನ್ನು ಇಡಬೇಕು ಎಂದಳು ಹೆಂಡತಿ. ಹಣೆತುಂಬ ವಿಭೂತಿ ಬಳಿಯುವ ಮನುಷ್ಯ ದೇವರ ಮಗ್ಗುಲಲ್ಲಿ ಆಟದ ಸಾಮಾನು ಇಟ್ಟರೆ ನೋಡಿದವರು ಏನಂದಾರು ಎಂದೂ ಸೇರಿಸಿದಳು.

"ಎದುರುಗಡೆ ನಿನ್ನ ಟೀವಿ ಐತೆ," ಎಂದೆ. "ಆ ಧಾರಾವಾಹಿಗಳನ್ನೇ ದೇವರು ಸಹಿಸ್ಕೊಂಡವ್ನೆ. ನನ್ನ ಕುದುರೆ ಮಾತೂ ಆಡಲ್ಲ."

ಸೀಗೆಕಾಯಿ

ಗುಜರಿಯಿಂದ ಬಂದ ಕುದುರೆಯ ಕೂದಲು ಸಿಕ್ಕುಗಟ್ಟಿರುತ್ತದೆ. ಅಮಾವಾಸ್ಯೆಗೆ ದೇವರ ಸಾಮಾನು ಬೆಳಗಿದ ಮೇಲೆ ಇವುಗಳಿಗೂ ಸೀಗೆಕಾಯಿ ಹಾಕಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಕೂತು ಬಾಚಿ ಜಡೆ ಹಾಕುತ್ತೇನೆ. ಪಕ್ಕದ ಮಾಳಿಗೆಯಿಂದ ನೆರೆಮನೆಯಾಕೆ ಅದನ್ನು ಬಹಳ ಹೊತ್ತು ನೋಡಿದಳು. ಕೆಳಗಿಳಿದು ಬೀದಿಯ ಹೆಂಗಸರಿಗೆಲ್ಲ ಕೇಳುವಂತೆ, "ಮದುವಿ ಆದಾಗಿಂದ ನಮ್ಮನಿಯವ್ರು ನನ್ನ ತಲಿಗೆ ಒಂದ್ ಹನಿ ಎಣ್ಣಿ ಹಚ್ಚಿಲ್ರಿ. ಅಲ್ಲಿ ನೋಡಿದ್ರ ಕುದುರಿಗೆ ಹೆರಳು," ಎಂದಳಂತೆ.

ಸಂಜೆ ಆಕೆಯ ಗಂಡ ಬಂದು ಕೈಮುಗಿದ. "ಅಣ್ಣಾರ, ಒಳಗ ಕುಂತು ಹಾಕ್ರಿ. ಇದೇ ಬೀದ್ಯಾಗ ನಾವೂ ಬಾಳ್ವಿ ಮಾಡಬೇಕು."

ನಾನು ಒಪ್ಪಲಿಲ್ಲ. ಮುಂದಿನ ಅಮಾವಾಸ್ಯೆಗೂ ಮಾಳಿಗೆಯ ಮೇಲೆಯೇ ಕೂತೆ. ಪಕ್ಕದ ಮಾಳಿಗೆಯ ಮೇಲೆ ಆತನೂ ಕೂತಿದ್ದ. ಮುಂದೆ ಹೆಂಡತಿ, ಆತನ ಕೈಯಲ್ಲಿ ಎಣ್ಣೆ ಬಟ್ಟಲು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬಾಣದ ಗುರುತು

ಒಂದು ಕುದುರೆ ಬಾಲವಿಲ್ಲದೆ ಬಂತು. ಊಟದ ಬಿಡುವಿನಲ್ಲಿ ಹೊಲಿಗೆ ಯೂನಿಟ್ಟಿನಲ್ಲೇ ಅದರ ತಲೆ ಬಿಚ್ಚಿ, ಜೀನ್ಸಿನ ಕಿತ್ತಳೆ ದಾರದ ಕುಚ್ಚನ್ನು ಒಳಗಿನಿಂದ ಎಳೆದು ಕಟ್ಟಿ, ಪಕ್ಕದ ಟೇಬಲ್ ಮೇಲಿಟ್ಟು ಕೈತೊಳೆಯಲು ಹೋದೆ. ಅದು ಚೆಕಿಂಗ್ ಮಾಡುವ ಹೆಣ್ಣುಮಗಳ ಟೇಬಲ್. ಹೊಲಿಗೆ ತಪ್ಪಿದ ಜಾಗಕ್ಕೆ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ಆಕೆಯ ಕೆಲಸ. ಬರುವಷ್ಟರಲ್ಲಿ ಕುದುರೆಯ ತೊಡೆಯ ಮೇಲೂ ಬಾಣ.

"ಬಾಲ ಸಡ್ಲ ಐತ್ರಿ. ಬಿಚ್ಚಿ ಮತ್ತ ಕಟ್ರಿ."

"ಇದು ಪ್ಯಾಂಟಲ್ಲ ಕಣಮ್ಮ, ಕುದುರೆ."

"ಕುದುರಿ ಆದ್ರೂ ನನ್ನ ಟೇಬಲ್ ದಾಟಬೇಕಲ್ರಿ."

ಬಿಚ್ಚಿ ಕಟ್ಟಿದೆ. ಬಾಣವನ್ನು ಮಾತ್ರ ಕೀಳಲಿಲ್ಲ. ಸೇಬಿನ ಕುದುರೆ ಎಲ್ಲರ ಬಳಿಯೂ ಇರಬಹುದು. ರಿಜೆಕ್ಟ್ ಆದ ಕುದುರೆ ಅಮೆರಿಕದಲ್ಲೂ ಇಲ್ಲ.

ಭಾವ ಬಂದರು

ಉಗಾದಿ ಹತ್ತಿರ ಬಂತು, ಗೂಡು ಖಾಲಿಯಾಗಲಿಲ್ಲ. ಹೆಂಡತಿ ಮಡಕಶಿರದ ತನ್ನ ಅಣ್ಣನಿಗೆ ಫೋನು ಮಾಡಿ ದೂರು ಹೇಳಿದಳು. ನಮ್ಮ ಭಾವ ಮನೆತನದ ಹಿರಿಯರು. ಅವರ ಮಾತನ್ನು ಈವರೆಗೆ ಯಾರೂ ಮೀರಿಲ್ಲ, ನಾನೂ ಮೀರಿಲ್ಲ. ತೆಗೆ ಎಂದರೆ ತೆಗೆಯಲೇಬೇಕು. ಮೊಣಕಾಲು ನೋವು ಇಟ್ಟುಕೊಂಡೇ ಬಸ್ಸಿಳಿದು ಕುಂಟುತ್ತ ಬಂದರು.

ದೀಪ ಹಚ್ಚುವ ಹೊತ್ತು. ದೇವರ ಗೂಡಿನ ಬೆಳಕು ಪಕ್ಕದ ಗೂಡಿಗೂ ಬಿದ್ದಿತ್ತು. ಶಿವರಾತ್ರಿ ಅಮಾವಾಸ್ಯೆ ಆಗಷ್ಟೇ ಕಳೆದಿತ್ತು, ಕುದುರೆಗಳೆಲ್ಲ ಜಡೆ ಹಾಕಿಕೊಂಡು ಸಾಲಾಗಿ ದೇವರತ್ತ ಮುಖ ಮಾಡಿ ನಿಂತಿದ್ದವು. ಭಾವ ದೇವರಿಗೆ ಕೈಮುಗಿದರು, ಕುದುರೆಗಳನ್ನು ನೋಡಿದರು, ಕಣ್ಣು ಒರೆಸಿಕೊಂಡರು. ನಮ್ಮ ಊರ ಕಡೆ ಕಷ್ಟ ಕಳೆದವರು ಕುದುರೆ ಏರುವ ದೇವರಿಗೆ ಮಣ್ಣಿನ ಕುದುರೆ ಒಪ್ಪಿಸುವ ಹರಕೆ ಉಂಟು.

"ಇಷ್ಟೊಂದು ಹರಕೆನಾ? ಏನ್ ಕಷ್ಟ ಬಂದಿತ್ತಪ್ಪಾ ನಿಂಗೆ?"

"ಇವು ಆಟದ ಕುದುರೆ, ಭಾವ."

"ಆಯ್ತು ಬಿಡು. ಹರಕೆ ಹೊತ್ತೋನು ಬಾಯಿ ಬಿಡಬಾರ್ದು, ನಂಗೆ ಗೊತ್ತಿಲ್ವಾ?"

ಅಮೆರಿಕದ ಕಥೆಯನ್ನೂ ಹೇಳಿದೆ. ಬೆನ್ನು ತಟ್ಟಿ ಸುಮ್ಮನಾಗಿಸಿದರು. ತಂಗಿಯ ಕಡೆ ತಿರುಗಿ, "ಇವನ್ನ ಕದಲಿಸೋಕೆ ನನ್ನ ಕರೆಸಿದ್ಯಾ?" ಎಂದರು. ಅಲ್ಲೇ ನಿಂತು ತಮ್ಮ ಮೊಣಕಾಲಿಗೂ ಹರಕೆ ಹೊತ್ತರು.

ಉಗಾದಿ ಕಳೆದ ಮೇಲೆ ಮತ್ತೆ ಬಂದರು, ಬಸ್ ಸ್ಟ್ಯಾಂಡಿನಿಂದ ಕುಂಟದೆ ನಡೆದು. ಕೈಯಲ್ಲಿ ಸಂತೆಯ ಹಸಿರು ಕುದುರೆ: ಕೂದಲಿಲ್ಲ, ತೊಡೆಯ ಮೇಲೆ ಚಿತ್ರವಿಲ್ಲ, ಕಾಲಿಗೆ ಚಕ್ರ, ಬಾಲದಲ್ಲಿ ಪೀಪಿ. ನಮ್ಮ ಕುದುರೆಗಳ ಜಾತಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಹರಕೆಯನ್ನು ಬೇಡ ಎನ್ನಲು ನಾನು ಯಾರು? ನನ್ನ ಹೆಂಡತಿಯೇ ಅದಕ್ಕೆ ಕುಂಕುಮ ಇಟ್ಟು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದಳು. ಈಗ ಸ್ನಾನ ಮಾಡದೆ ಕುದುರೆಗಳನ್ನು ಮುಟ್ಟಲು ನನ್ನನ್ನೇ ಬಿಡುವುದಿಲ್ಲ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಮಡಕಶಿರದ ಬಸ್ಸಿನಲ್ಲಿ ಹೇಳುವಾಗ ಮಾತ್ರ ಬಾಣದ ಗುರುತಿನ ಪ್ರಸಂಗಕ್ಕೇ ನಿಲ್ಲಿಸಿ. ಉಳಿದದ್ದು ನಮ್ಮ ಭಾವನ ಕಿವಿಗೆ ಬೀಳುವುದು ಬೇಡ; ಅವರ ಮೊಣಕಾಲು ಈಗ ಚೆನ್ನಾಗಿದೆ.